ಕ್ಯಾನ್ಸರ್ ವೈದ್ಯರಿಗೆ ಒಂದು ಬಹಿರಂಗ ಪತ್ರ: ಆ ಇನ್ನೊಂದು ಡಬ್ಬಿಯ ಬಗ್ಗೆ ನೀವೇ ಮೊದಲು ಕೇಳಿ

ಕ್ಯಾನ್ಸರ್ ಚಿಕಿತ್ಸೆ ನೀಡುವ ಎಲ್ಲ ವೈದ್ಯರಿಗೆ ನಮಸ್ಕಾರ.

ನನ್ನ ತಾಯಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಯಿತು, ಕೀಮೋ ಆಯಿತು, ರೇಡಿಯೇಷನ್ ಆಯಿತು. ಈಗ ಕಾಯಿಲೆ ಮರಳದಿರಲಿ ಅಂತ ಟ್ಯಾಮಾಕ್ಸಿಫೆನ್ ಮಾತ್ರೆ ನಡೆಯುತ್ತಿದೆ. ಇಷ್ಟರ ಮಟ್ಟಿಗೆ ಅವರು ಚೇತರಿಸಿಕೊಂಡಿದ್ದು ನಿಮ್ಮಂಥವರಿಂದಲೇ, ಅದರಲ್ಲಿ ಎರಡು ಮಾತಿಲ್ಲ. ಹಾಗಾಗಿ ಇದು ಜಗಳದ ಪತ್ರ ಅಲ್ಲ. ಆದರೂ ಒಂದು ದೂರು ಇದೆ. ಅದರ ಜೊತೆಗೆ ಒಂದು ಕೋರಿಕೆ.

ಚಿಕಿತ್ಸೆ ಶುರುವಾದಾಗಿನಿಂದ ನಮ್ಮನ್ನು ಶುಗರ್ ಕೇಳಿದರು, ಬಿಪಿ ಕೇಳಿದರು, ಅಲರ್ಜಿ ಕೇಳಿದರು. ಹಲ್ಲು ಅಲುಗಾಡುತ್ತಿದೆಯಾ ಅಂತಲೂ ಕೇಳಿದರು. ಮನೆಯ ಕಪಾಟಿನಲ್ಲಿ ಸಾಲಾಗಿ ನಿಂತಿರುವ ವಿಟಮಿನ್, ಗಿಡಮೂಲಿಕೆ, ಪುಡಿ, ಕ್ಯಾಪ್ಸೂಲುಗಳ ಬಗ್ಗೆ ಮಾತ್ರ ಯಾರೂ ಸರಿಯಾಗಿ ಕೇಳಲಿಲ್ಲ. ಒಮ್ಮೆ ಫೈಲಿನಿಂದ ಕಣ್ಣೆತ್ತದೆ, "ಬೇರೇನೂ ತಗೊಳ್ತಿಲ್ಲ ತಾನೆ?" ಅಂದರು. ಆ ಧಾಟಿಯ ಪ್ರಶ್ನೆಗೆ ಯಾರು ಹೌದು ಅನ್ನುತ್ತಾರೆ? ನಾನು ಬರೆದು ತಂದಿದ್ದ ಪಟ್ಟಿ ಮುಂದಿಟ್ಟೆ. ನೋಡಲಿಲ್ಲ. "ಅವೆಲ್ಲ ನಿಲ್ಲಿಸಿಬಿಡಿ" ಅಂದರು. ಆ ಪಟ್ಟಿಯಲ್ಲಿ ಅದೇ ಆಸ್ಪತ್ರೆಯ ಇನ್ನೊಂದು ವಿಭಾಗದವರು ಮೂಳೆಗೆ ಅಂತ ಬರೆದುಕೊಟ್ಟಿದ್ದ ಕ್ಯಾಲ್ಸಿಯಂ, ವಿಟಮಿನ್ ಡಿ ಕೂಡ ಇದ್ದವು!

ಇದು ನಮ್ಮೊಬ್ಬರ ಕಥೆ ಅಲ್ಲ. ಕ್ಯಾನ್ಸರ್ ರೋಗಿಗಳು ಇಂಥವನ್ನು ವೈದ್ಯರಿಗೆ ಹೇಳುತ್ತಾರಾ ಇಲ್ಲವಾ ಅಂತ ನೋಡಿದ ಹಲವು ಅಧ್ಯಯನಗಳನ್ನು 2012ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಹೇಳದೇ ಇರುವವರ ಪ್ರಮಾಣ ಒಂದೊಂದು ಕಡೆ ಒಂದೊಂದು ಥರ. ಕಡಿಮೆ ಅಂದರೆ ಶೇ. 20, ಜಾಸ್ತಿ ಅಂದರೆ ಶೇ. 77. ಯಾಕೆ ಹೇಳಲಿಲ್ಲ ಅಂದರೆ ಬಂದ ಮುಖ್ಯ ಉತ್ತರಗಳು ಇವು: ಡಾಕ್ಟ್ರು ಕೇಳಲೇ ಇಲ್ಲ, ಹೇಳಿದರೆ ಬೈತಾರೆ ಅನ್ನಿಸಿತು.

ನಾವು ಯಾಕೆ ಕೊಳ್ಳುತ್ತೇವೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಕೀಮೋ ಕೊಡುವುದು ನಿಮ್ಮ ಕೆಲಸ. ರೇಡಿಯೇಷನ್ ಯಂತ್ರದ ಕೆಲಸ. ಮಕ್ಕಳಾದ ನಮ್ಮ ಪಾಲಿಗೆ ಉಳಿಯುವುದು ಕಾಯುವ ಕೆಲಸ. ಹೆತ್ತವರು ಕಣ್ಣೆದುರಿಗೇ ಸೊರಗುತ್ತಿರುವಾಗ ಸುಮ್ನೆ ಕೂತು ಕಾಯುವುದು ಆಗುವುದಿಲ್ಲ. ಏನಾದರೂ ಮಾಡಬೇಕು ಅನ್ನಿಸುತ್ತದೆ. ಆಗ ಯಾರೋ ಒಂದು ಹೆಸರು ಹೇಳುತ್ತಾರೆ. ಫೋನಿಗೆ ಒಂದು ವಿಡಿಯೊ ಬರುತ್ತದೆ. ದೂರದ ಸಂಬಂಧಿಯೊಬ್ಬರು ಡಬ್ಬಿಯನ್ನೇ ತಂದು ಕೈಗಿಡುತ್ತಾರೆ, ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. "ಇಮ್ಯೂನಿಟಿ ಹೆಚ್ಚಿಸುತ್ತೆ, ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ." ಕೀಮೋದ ಸೈಡ್ ಎಫೆಕ್ಟ್ ಪಟ್ಟಿಯನ್ನು ಆಗಷ್ಟೇ ಓದಿ ಸಹಿ ಹಾಕಿ ಬಂದವರಿಗೆ ಆ ಕೊನೆಯ ಮೂರು ಪದ ಎಷ್ಟು ಹಿತ ಗೊತ್ತಾ? ಇದನ್ನು ಮೂಢತನ ಅಂತ ತಳ್ಳಿಹಾಕಬೇಡಿ.

ಈಗ ದೂರಿಗೆ ಬರುತ್ತೇನೆ. ನಮಗೆ ಸಿಗುವುದು ಎರಡೇ ಉತ್ತರ. ಒಂದು, "ಏನೂ ತಗೋಬೇಡಿ." ಇನ್ನೊಂದು, "ತಗೊಳ್ಳಿ ಬಿಡಿ, ಏನೂ ಆಗಲ್ಲ." ಎರಡೂ ಪ್ರಶ್ನೆಯನ್ನು ಬೇಗ ಮುಗಿಸುವ ಉತ್ತರಗಳೇ. ಎರಡೂ ತಪ್ಪಾಗಬಹುದು. ಯಾಕೆಂದರೆ ಸಪ್ಲಿಮೆಂಟ್ ಒಳ್ಳೆಯದಾ ಕೆಟ್ಟದ್ದಾ ಅನ್ನುವುದಕ್ಕೆ ಒಂದೇ ಸಾಲಿನ ಉತ್ತರ ಇಲ್ಲ. ಯಾವ ಔಷಧದ ಜೊತೆ, ಯಾವಾಗ, ಎಷ್ಟು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ.

ಫೋಲಿಕ್ ಆಸಿಡ್ ಅನ್ನೇ ತೆಗೆದುಕೊಳ್ಳಿ. ಬಿ ಗುಂಪಿನ ಒಂದು ಸಾಧಾರಣ ವಿಟಮಿನ್. ಗರ್ಭಿಣಿಯರಿಗೆ ಕೊಡುವ ಮಾತ್ರೆ. ಇದರಿಂದ ಏನು ತೊಂದರೆ ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ?

ಕೆಲವು ಬಗೆಯ ಶ್ವಾಸಕೋಶದ ಕ್ಯಾನ್ಸರಿಗೆ ಪೆಮೆಟ್ರೆಕ್ಸೆಡ್ ಅನ್ನುವ ಔಷಧ ಕೊಡುತ್ತೀರಿ. ಅದರ ಜೊತೆ ಫೋಲಿಕ್ ಆಸಿಡ್ ಕೊಡಲೇಬೇಕು. ದಿನಕ್ಕೆ 350ರಿಂದ 1000 ಮೈಕ್ರೋಗ್ರಾಂ, ಕೀಮೋಗೆ ಒಂದು ವಾರ ಮೊದಲಿನಿಂದಲೇ. ಜೊತೆಗೆ ಬಿ12 ಇಂಜೆಕ್ಷನ್. ಆ ಔಷಧದ ಪ್ರಯೋಗ ನಡೆಯುತ್ತಿದ್ದಾಗ ರೋಗಿಗಳಿಗೆ ತೀವ್ರ ಅಡ್ಡಪರಿಣಾಮ ಆಗಿ, ಸಾವುಗಳೂ ಆಗಿ, ನಡುವೆಯೇ ಈ ವಿಟಮಿನ್‌ಗಳನ್ನು ಸೇರಿಸಿದರು. ಅಲ್ಲಿ ಫೋಲಿಕ್ ಆಸಿಡ್ ಬಿಟ್ಟರೆ ಅಪಾಯ.

ಕರುಳಿನ ಕ್ಯಾನ್ಸರಿಗೆ ಕ್ಯಾಪಸಿಟಬಿನ್ ಮಾತ್ರೆ ಕೊಡುತ್ತೀರಿ. ಅದು ದೇಹದೊಳಗೆ ಇನ್ನೊಂದು ಕೀಮೋ ಔಷಧವಾದ ಫೈವ್-ಎಫ್‌ಯು ಆಗಿ ಬದಲಾಗುತ್ತದೆ. ಫೋಲೇಟ್, ಅಂದರೆ ಫೋಲಿಕ್ ಆಸಿಡ್ ಬಗೆಯ ವಿಟಮಿನ್, ಇದ್ದರೆ ಫೈವ್-ಎಫ್‌ಯು ತನ್ನ ಗುರಿಯನ್ನು ಇನ್ನೂ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದಕ್ಕೇ ಕೆಲವು ಕೀಮೋಗಳಲ್ಲಿ ನೀವೇ ಬೇಕೆಂದು ಅಳೆದು ಲ್ಯೂಕೊವೊರಿನ್ ಅನ್ನುವ ಫೋಲೇಟ್ ರೂಪವನ್ನು ಕೊಡುತ್ತೀರಿ. ಆದರೆ ಕ್ಯಾಪಸಿಟಬಿನ್ ತೆಗೆದುಕೊಳ್ಳುವವರು ತಾವಾಗಿಯೇ ಜಾಸ್ತಿ ಫೋಲಿಕ್ ಆಸಿಡ್ ನುಂಗಿದರೆ ಔಷಧದ ವಿಷಗುಣ ಏರುತ್ತದೆ. ಭೇದಿ, ಬಾಯಿಹುಣ್ಣು, ಅಂಗೈ ಅಂಗಾಲು ಕೆಂಪಾಗಿ ಸುಲಿಯುವುದು ಎಲ್ಲ ಹೆಚ್ಚಾಗಬಹುದು. ಅಲ್ಲಿ ಅದೇ ಮಾತ್ರೆ ತೊಂದರೆ.

ಇನ್ನು ಮೆಥೊಟ್ರೆಕ್ಸೇಟ್. ಅದು ಕೆಲಸ ಮಾಡುವುದೇ ಫೋಲೇಟ್‌ಗೆ ಅಡ್ಡ ಹಾಕಿ. ದೊಡ್ಡ ಡೋಸ್ ಕೊಟ್ಟಾಗ ಗಂಟೆ ಲೆಕ್ಕ ಹಾಕಿ ಲ್ಯೂಕೊವೊರಿನ್ ಕೊಟ್ಟು ಆರೋಗ್ಯವಂತ ಕೋಶಗಳನ್ನು ಉಳಿಸುತ್ತೀರಿ. ಆ ಲೆಕ್ಕದ ನಡುವೆ ಮನೆಯ ಮಲ್ಟಿವಿಟಮಿನ್ ತಲೆ ಹಾಕಬಾರದು.

ಒಂದೇ ವಿಟಮಿನ್, ಮೂರು ಔಷಧ, ಮೂರು ಉತ್ತರ. ಕೀಮೋ ವಾರ್ಡಿನಲ್ಲಿ ಅಕ್ಕಪಕ್ಕದ ಮೂರು ಕುರ್ಚಿಗಳಲ್ಲಿ ಈ ಮೂವರೂ ಕೂತಿರಬಹುದು. ಅವರ ಮಕ್ಕಳು ಹೊರಗೆ ಒಬ್ಬರಿಗೊಬ್ಬರು, "ನಮ್ಮಪ್ಪಂಗೆ ಇದೇ ಕೊಟ್ವಿ, ಚೆನ್ನಾಗಿದ್ದಾರೆ" ಅಂತ ಹೇಳಿಕೊಳ್ಳುತ್ತಿರುತ್ತಾರೆ. ಆ ಮಾತಿನಲ್ಲಿ ಮೋಸ ಇಲ್ಲ. ಆದರೆ ಪಕ್ಕದವರ ಔಷಧ ಬೇರೆ ಅನ್ನುವುದು ಅವರಿಗೆ ಹೊಳೆಯುವುದಿಲ್ಲ. ಹೊಳೆಯಬೇಕಾದದ್ದು ನಿಮಗೆ.

"ನ್ಯಾಚುರಲ್ ಅಲ್ವಾ" ಅನ್ನುವ ಮಾತಿಗೂ ನೀವು ಬರೀ ನಕ್ಕು ಸುಮ್ಮನಾಗಬೇಡಿ. ಉತ್ತರ ಕೊಡಿ, ನಿಮ್ಮ ಹತ್ತಿರ ಒಳ್ಳೆಯ ಉತ್ತರ ಇದೆ. ವಿನ್‌ಕ್ರಿಸ್ಟಿನ್ ಅನ್ನುವ ಕೀಮೋ ಔಷಧ ಬಂದಿದ್ದು ನಿತ್ಯಪುಷ್ಪದ ಗಿಡದಿಂದ. ಪ್ಯಾಕ್ಲಿಟ್ಯಾಕ್ಸೆಲ್ ಅನ್ನುವ ಇನ್ನೊಂದು ಮೊದಲು ಸಿಕ್ಕಿದ್ದು ಪೆಸಿಫಿಕ್ ಯೂ ಅನ್ನುವ ಮರದ ತೊಗಟೆಯಲ್ಲಿ. ನನ್ನ ತಾಯಿಯ ಕೂದಲು ಉದುರಿಸಿದ್ದು, ಬಹುಶಃ ಜೀವ ಉಳಿಸಿದ್ದು, ಆ ತೊಗಟೆಯ ರಾಸಾಯನಿಕವೇ. ಗಿಡಗಳಿಗೆ ಶಕ್ತಿ ಇದೆ ಅಂತ ನಾವು ನಂಬುವುದು ನಿಜವೇ ಆದರೆ, ಆ ಶಕ್ತಿ ಕೀಮೋ ವಿರುದ್ಧವೂ ಕೆಲಸ ಮಾಡಬಹುದು ಅಂತ ನಂಬಲೇಬೇಕಾಗುತ್ತದೆ. ಈ ತರ್ಕವನ್ನು ಹೀಗೆ ಕೂರಿಸಿ ಹೇಳಿದರೆ ನಮ್ಮಂಥವರಿಗೆ ಅರ್ಥವಾಗುತ್ತದೆ.

ಸೇಂಟ್ ಜಾನ್ಸ್ ವರ್ಟ್ ಇದಕ್ಕೆ ಒಳ್ಳೆಯ ಉದಾಹರಣೆ. ಮನಸ್ಸು ಕುಗ್ಗಿದಾಗ ತೆಗೆದುಕೊಳ್ಳುವ ಮೂಲಿಕೆ ಅದು. ಕ್ಯಾನ್ಸರ್ ಬಂದವರ ಮನಸ್ಸು ಕುಗ್ಗದೆ ಇರುತ್ತಾ? ಹಾಗಾಗಿ ಬಳಸುವವರು ಇದ್ದಾರೆ. ಅದು ಲಿವರಿನಲ್ಲಿ ಸಿವೈಪಿ3ಎ4 ಅನ್ನುವ ಎಂಜೈಮನ್ನು ಹೆಚ್ಚಿಸುತ್ತದೆ. ಹಲವು ಕ್ಯಾನ್ಸರ್ ಔಷಧಗಳನ್ನು ಒಡೆದು ಹೊರಹಾಕುವುದು ಇದೇ ಎಂಜೈಮ್. ಎಂಜೈಮ್ ಜಾಸ್ತಿಯಾದರೆ ಔಷಧ ಕೆಲಸ ಮಾಡುವ ಮೊದಲೇ ಕರಗಿಹೋಗುತ್ತದೆ. 2002ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಐದು ರೋಗಿಗಳ ಮೇಲೆ ಒಂದು ಪುಟ್ಟ ಅಧ್ಯಯನ ಮಾಡಿದರು. ಇರಿನೊಟೆಕಾನ್ ಅನ್ನುವ ಕೀಮೋ ಔಷಧದ ಜೊತೆ ಈ ಮೂಲಿಕೆ ತೆಗೆದುಕೊಂಡಾಗ, ಆ ಔಷಧದ ಸಕ್ರಿಯ ರೂಪ ರಕ್ತದಲ್ಲಿ ಶೇ. 42ರಷ್ಟು ಕಡಿಮೆಯಾಯಿತು. ಇಮ್ಯಾಟಿನಿಬ್ ಅನ್ನುವ ಕ್ಯಾನ್ಸರ್ ಮಾತ್ರೆಯ ಮಟ್ಟವನ್ನೂ ಇದು ಇಳಿಸುತ್ತದೆ ಅಂತ ಆಮೇಲೆ ಗೊತ್ತಾಯಿತು. ಹೊರಗಿಂದ ಏನೂ ಕಾಣುವುದಿಲ್ಲ. ರೋಗಿಗೆ ಸುಸ್ತು, ವಾಂತಿ ಕಡಿಮೆಯಾಗಲೂಬಹುದು. "ನೋಡಿ, ಗಿಡಮೂಲಿಕೆ ಶುರು ಮಾಡಿದ ಮೇಲೆ ಕೀಮೋ ಎಷ್ಟು ಚೆನ್ನಾಗಿ ತಡೆದುಕೊಳ್ತಿದ್ದಾರೆ" ಅಂತ ಮನೆಯವರು ಖುಷಿಪಡುತ್ತಾರೆ. ಅರ್ಧ ಡೋಸ್ ಬಿದ್ದರೆ ಯಾರಾದರೂ ತಡೆದುಕೊಳ್ಳುತ್ತಾರೆ.

ನಮ್ಮ ಮನೆಗೂ ತಟ್ಟುವ ಒಂದು ಲೆಕ್ಕ ಕರ್ಕ್ಯುಮಿನ್‌ದು. ಅರಿಶಿನದ ಸಾರವನ್ನು ಕ್ಯಾಪ್ಸೂಲಿನಲ್ಲಿ ತುಂಬಿ, ಚೆನ್ನಾಗಿ ಹೀರಲಿ ಅಂತ ಕರಿಮೆಣಸಿನ ಪೈಪರಿನ್ ಸೇರಿಸಿ ಮಾರುತ್ತಾರೆ. ಟ್ಯಾಮಾಕ್ಸಿಫೆನ್ ದೇಹದಲ್ಲಿ ಎಂಡಾಕ್ಸಿಫೆನ್ ಆಗಿ ಬದಲಾದ ಮೇಲೇ ಅದರ ನಿಜವಾದ ಕೆಲಸ ಶುರು. 2019ರ ಒಂದು ಅಧ್ಯಯನದಲ್ಲಿ ಕರ್ಕ್ಯುಮಿನ್ ಮತ್ತು ಪೈಪರಿನ್ ಒಟ್ಟಿಗೆ ಕೊಟ್ಟಾಗ ಎಂಡಾಕ್ಸಿಫೆನ್ ಸುಮಾರು ಶೇ. 12 ಇಳಿಯಿತು. ದೊಡ್ಡ ಸಂಖ್ಯೆ ಅಲ್ಲ, ಒಪ್ಪುತ್ತೇನೆ. ಆದರೆ ಮೊದಲೇ ಅಂಚಿನಲ್ಲಿ ಇರುವವರಿಗೆ ಅದೂ ಲೆಕ್ಕಕ್ಕೆ ಬರುತ್ತದೆ. ಮತ್ತೆ, ವರ್ಷಗಟ್ಟಲೆ ನುಂಗುವ ಮಾತ್ರೆ ಇದು. ಅಡುಗೆಗೆ ಹಾಕುವ ಚಿಟಿಕೆ ಅರಿಶಿನಕ್ಕೂ ದಿನಕ್ಕೆ ಗ್ರಾಂ ಲೆಕ್ಕದ ಸಾರಕ್ಕೂ ವ್ಯತ್ಯಾಸ ಇದೆ ಅಂತ ಹೇಳದೆ, ಬರೀ "ಅರಿಶಿನ ಬೇಡ" ಅಂದರೆ ತಾಯಂದಿರು ನಗುತ್ತಾರೆ. ಅವರು ನಗುವುದು ಸರಿಯೇ.

ಆ್ಯಂಟಿಆಕ್ಸಿಡೆಂಟ್ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಎಲ್ಲರ ಬಾಯಲ್ಲೂ ಇರುವುದು ಅದೇ. ಮಾರುವವರ ವಾದ ಕೇಳಲು ಚೆನ್ನಾಗಿದೆ: ಕೀಮೋ ಮತ್ತು ರೇಡಿಯೇಷನ್ ದೇಹದಲ್ಲಿ ಕೋಶ ಕೆಡಿಸುವ ಕಣಗಳಾದ ಫ್ರೀ ರ್‍ಯಾಡಿಕಲ್ ಹುಟ್ಟಿಸುತ್ತವೆ, ಆ್ಯಂಟಿಆಕ್ಸಿಡೆಂಟ್ ಅವನ್ನು ತಣಿಸುತ್ತದೆ, ದೇಹ ಉಳಿಯುತ್ತದೆ. ಇದರಲ್ಲಿ ಒಂದು ತೂತು ಇದೆ. ರೇಡಿಯೇಷನ್ ಮತ್ತು ಕೆಲವು ಕೀಮೋ ಔಷಧಗಳು ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಬಹುಮಟ್ಟಿಗೆ ಆ ಫ್ರೀ ರ್‍ಯಾಡಿಕಲ್‌ಗಳಿಂದಲೇ. ಮಾತ್ರೆಗೆ ಒಳ್ಳೆಯ ಕೋಶ ಯಾವುದು, ಕೆಟ್ಟ ಕೋಶ ಯಾವುದು ಅಂತ ಹೇಗೆ ಗೊತ್ತಾಗಬೇಕು?

ಕೆನಡಾದ ಕ್ವಿಬೆಕ್‌ನಲ್ಲಿ ತಲೆ ಮತ್ತು ಕುತ್ತಿಗೆ ಕ್ಯಾನ್ಸರಿಗೆ ರೇಡಿಯೇಷನ್ ಪಡೆಯುತ್ತಿದ್ದ 540 ಜನರ ಮೇಲೆ ಇದನ್ನೇ ಪರೀಕ್ಷಿಸಿದರು. ಫಲಿತಾಂಶ 2005ರಲ್ಲಿ ಬಂತು. ವಿಟಮಿನ್ ಇ ಜೊತೆ ಬೀಟಾ ಕ್ಯಾರೊಟಿನ್ ಪಡೆದವರಿಗೆ ರೇಡಿಯೇಷನ್‌ನ ತೀವ್ರ ಅಡ್ಡಪರಿಣಾಮ ನಿಜಕ್ಕೂ ಕಡಿಮೆಯಾಯಿತು. ಇಲ್ಲಿಗೇ ನಿಲ್ಲಿಸಿದರೆ ಒಳ್ಳೆಯ ಜಾಹೀರಾತು. ಆದರೆ ಮಾತ್ರೆ ನುಂಗುತ್ತಿದ್ದ ಅವಧಿಯಲ್ಲಿ ಹೊಸ ಕ್ಯಾನ್ಸರ್ ಕಾಣಿಸಿಕೊಂಡಿದ್ದು ಅವರಲ್ಲೇ ಜಾಸ್ತಿ. ಆಮೇಲೆ ನೋಡಿದರೆ ವಿಟಮಿನ್ ಇ ಗುಂಪಿನಲ್ಲಿ ಸಾವೂ ಜಾಸ್ತಿ. ಪ್ರಯೋಗದ ಮಧ್ಯದಲ್ಲೇ ಬೀಟಾ ಕ್ಯಾರೊಟಿನ್ ನಿಲ್ಲಿಸಿದ್ದರು. ಅದಕ್ಕೂ ಮೊದಲೇ, ಫಿನ್ಲೆಂಡ್‌ನಲ್ಲಿ 29,133 ಗಂಡಸರು, ಎಲ್ಲರೂ ಧೂಮಪಾನಿಗಳು, ಭಾಗವಹಿಸಿದ್ದ ಪ್ರಯೋಗದ ವರದಿ 1994ರಲ್ಲಿ ಬಂದಿತ್ತು: ಬೀಟಾ ಕ್ಯಾರೊಟಿನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18 ಹೆಚ್ಚು. ಕ್ಯಾನ್ಸರ್ ತಡೆಯಲಿ ಅಂತ ಕೊಟ್ಟ ಮಾತ್ರೆ ಅದು. ಅಮೆರಿಕದ ಇನ್ನೊಂದು ದೊಡ್ಡ ಪ್ರಯೋಗವನ್ನು ಇದೇ ಕಾರಣಕ್ಕೆ 1996ರಲ್ಲಿ ಅವಧಿಗೆ ಮುನ್ನವೇ ಮುಚ್ಚಬೇಕಾಯಿತು.

ಸ್ತನ ಕ್ಯಾನ್ಸರಿನ ಬಗ್ಗೆ ನಾನು ಹುಡುಕಿ ಓದಿದ್ದು 2020ರಲ್ಲಿ ಬಂದ ಒಂದು ಅಧ್ಯಯನ. ಕೀಮೋ ಪ್ರಯೋಗದಲ್ಲಿದ್ದ 1,134 ರೋಗಿಗಳನ್ನು, ಯಾವ ಸಪ್ಲಿಮೆಂಟ್ ತೆಗೆದುಕೊಳ್ಳುತ್ತೀರಿ ಅಂತ ಕೇಳಿ, ಅವರ ಮುಂದಿನ ವರ್ಷಗಳನ್ನು ಗಮನಿಸಿದರು. ಕೀಮೋಗೆ ಮೊದಲೂ ಕೀಮೋ ನಡುವೆಯೂ ಆ್ಯಂಟಿಆಕ್ಸಿಡೆಂಟ್ ತೆಗೆದುಕೊಂಡವರಲ್ಲಿ ಕಾಯಿಲೆ ಮರಳುವ ಸಾಧ್ಯತೆ ಸುಮಾರು ಶೇ. 40 ಹೆಚ್ಚು ಕಾಣಿಸಿತು. ಹಾಗೆ ತೆಗೆದುಕೊಂಡವರು ಕಡಿಮೆ ಜನ, ಆದ್ದರಿಂದ ಆ ಸಂಖ್ಯೆ ಗಟ್ಟಿ ಅಲ್ಲ. ಬಿ12 ಬಳಸಿದವರಲ್ಲಿ ಸಂಬಂಧ ಇನ್ನೂ ಸ್ಪಷ್ಟವಾಗಿತ್ತು. ಮಾಮೂಲಿ ಮಲ್ಟಿವಿಟಮಿನ್‌ನಿಂದ ಲಾಭವೂ ಕಾಣಲಿಲ್ಲ, ನಷ್ಟವೂ ಕಾಣಲಿಲ್ಲ. ಇದು ಬರೀ ಗಮನಿಸಿದ ಅಧ್ಯಯನ, ಮಾತ್ರೆಯೇ ಕಾರಣ ಅಂತ ಸಾಬೀತು ಮಾಡುವುದಿಲ್ಲ. ಇಷ್ಟನ್ನೂ, ಈ ಅನುಮಾನದ ಸಮೇತ, ನಮಗೆ ಹೇಳಬಹುದು. "ಪುರಾವೆ ಅರೆಬರೆ, ಆದರೆ ಇರುವಷ್ಟು ಪುರಾವೆ ಅಪಾಯದ ಕಡೆ ತೋರಿಸುತ್ತಿದೆ, ಕೀಮೋ ಮುಗಿಯುವ ತನಕ ತಡೆಯಿರಿ." ಇದನ್ನು ಕೇಳಿದರೆ ನಾವು ತಡೆಯುತ್ತೇವೆ. "ಅವೆಲ್ಲ ಬೇಡ" ಅಂದರೆ, ಡಾಕ್ಟ್ರಿಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ ಅಷ್ಟೇ ಅಂದುಕೊಳ್ಳುತ್ತೇವೆ.

ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಇನ್ನೊಂದರ ಬಗ್ಗೆ. ಪ್ಯಾಕ್ಲಿಟ್ಯಾಕ್ಸೆಲ್ ನಡೆಯುವಾಗ ತಾಯಿಗೆ ಪಾದ, ಬೆರಳ ತುದಿ ಜೋಮು ಹಿಡಿಯತೊಡಗಿತು. ಗುಂಡಿ ಹಾಕಲು ಆಗುತ್ತಿರಲಿಲ್ಲ. ಬಂಧುವೊಬ್ಬರು ಅಸಿಟೈಲ್-ಎಲ್-ಕಾರ್ನಿಟಿನ್ ತಂದುಕೊಟ್ಟರು. ನರಗಳಿಗೆ ಒಳ್ಳೆಯದು ಅಂತ ಡಬ್ಬಿಯ ಮೇಲೇ ಬರೆದಿತ್ತು. ಅದನ್ನು ತೆರೆಯುವ ಮೊದಲು ಆಸ್ಪತ್ರೆಯ ಔಷಧ ವಿಭಾಗದಲ್ಲಿದ್ದ ಫಾರ್ಮಸಿಸ್ಟ್ ಒಬ್ಬರಿಗೆ ತೋರಿಸಿದೆ. ಆಕೆ ಡಬ್ಬಿ ತಿರುಗಿಸಿ ನೋಡಿ, "ಇದು ಬೇಡ, ಇದರಿಂದ ಜೋಮು ಹೆಚ್ಚಾಗುತ್ತೆ" ಅಂದರು. ಆಮೇಲೆ ನಾನೇ ಓದಿದೆ. ಅದೇ ಗುಂಪಿನ ಕೀಮೋ ಪಡೆಯುತ್ತಿದ್ದ 409 ಮಹಿಳೆಯರ ಮೇಲೆ ನಡೆದ ಪ್ರಯೋಗ, 2013ರಲ್ಲಿ ಪ್ರಕಟವಾಗಿತ್ತು. ಅರ್ಧದಷ್ಟು ಜನರಿಗೆ ದಿನಕ್ಕೆ 3 ಗ್ರಾಂ ಈ ಪೂರಕ, ಉಳಿದವರಿಗೆ ಖಾಲಿ ಮಾತ್ರೆ. 12 ವಾರಕ್ಕೆ ವ್ಯತ್ಯಾಸ ಇಲ್ಲ. 24 ವಾರಕ್ಕೆ ನರಗಳ ತೊಂದರೆ ಪೂರಕ ನುಂಗಿದವರಲ್ಲೇ ಜಾಸ್ತಿ. ಎರಡು ವರ್ಷದ ನಂತರವೂ ಆ ವ್ಯತ್ಯಾಸ ಉಳಿದಿತ್ತು.

ಯೋಚಿಸಿ. ಜೋಮು ಹೆಚ್ಚಾದರೆ ನೀವು ಏನು ಮಾಡುತ್ತೀರಿ? ಕೀಮೋ ಡೋಸ್ ಇಳಿಸುತ್ತೀರಿ, ಇಲ್ಲವೇ ಮುಂದೂಡುತ್ತೀರಿ. ಮನೆಯವರು ಏನು ಮಾಡುತ್ತಾರೆ? ಆ ಕ್ಯಾಪ್ಸೂಲನ್ನು ಒಂದರ ಬದಲು ಎರಡು ಕೊಡುತ್ತಾರೆ. ಇಬ್ಬರೂ ಕೀಮೋವನ್ನೇ ಬೈಯುತ್ತಾರೆ. ಡಬ್ಬಿಯ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ.

ಲಿವರ್ ವಿಷಯದಲ್ಲೂ ಹೀಗೇ. ರಕ್ತ ಪರೀಕ್ಷೆಯಲ್ಲಿ ಲಿವರ್ ಎಂಜೈಮ್ ಏರಿದರೆ ಕೀಮೋ ನಿಲ್ಲುತ್ತದೆ. ಗ್ರೀನ್ ಟೀ ಸಾರದ ಮಾತ್ರೆಗಳು ಲಿವರಿಗೆ ಹಾನಿ ಮಾಡಿದ್ದು ಎಷ್ಟೋ ಸಲ ದಾಖಲಾಗಿದೆ. ಪೈಪರಿನ್ ಬೆರೆತ ಅರಿಶಿನದ ಸಾರದಿಂದಲೂ ಆಗಿದೆ. ಆ ಹೊತ್ತಿಗೆ ಕಪಾಟಿನಲ್ಲಿ ಏನಿದೆ ಅಂತ ಕೇಳುವುದು ಒಂದು ಸ್ಕ್ಯಾನಿಗಿಂತ ಬೇಗ ಆಗುವ ಕೆಲಸ.

ಕೂದಲು ಬರಲಿ ಅಂತ ನುಂಗುವ ಬಯೋಟಿನ್ ಇನ್ನೊಂದು. ದಿನದ ಅಗತ್ಯ ಸುಮಾರು 30 ಮೈಕ್ರೋಗ್ರಾಂ. ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂ ಇರುತ್ತದೆ, ಅಂದರೆ ನೂರಾರು ಪಟ್ಟು. ಅದು ದೇಹಕ್ಕೆ ಅಷ್ಟೇನೂ ತೊಂದರೆ ಕೊಡದಿದ್ದರೂ ರಕ್ತ ಪರೀಕ್ಷೆಯನ್ನೇ ದಾರಿ ತಪ್ಪಿಸುತ್ತದೆ. ಥೈರಾಯ್ಡ್, ಹಾರ್ಮೋನು, ಹೃದಯಾಘಾತ ಪತ್ತೆಹಚ್ಚುವ ಟ್ರೊಪೊನಿನ್ ಪರೀಕ್ಷೆಗಳು ತಪ್ಪು ತೋರಿಸಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು. ಟ್ರೊಪೊನಿನ್ ತಪ್ಪಾಗಿ ಕಡಿಮೆ ತೋರಿಸಿ ಒಬ್ಬರು ತೀರಿಕೊಂಡ ವರದಿಯೂ ಅದರಲ್ಲಿತ್ತು. ಕೀಮೋ ನಂತರ ಬಯೋಟಿನ್ ನುಂಗದ ಹೆಂಗಸರು ಎಷ್ಟು ಜನ ಇದ್ದಾರೆ? ಲ್ಯಾಬಿನ ಚೀಟಿಯಲ್ಲಿ ಆ ಪ್ರಶ್ನೆ ನಾನಂತೂ ನೋಡಿಲ್ಲ.

ಇಷ್ಟು ಹೇಳಿದ ಮೇಲೆ ನಾನು ಎಲ್ಲ ಸಪ್ಲಿಮೆಂಟ್‌ಗಳ ವಿರೋಧಿ ಅಂದುಕೊಳ್ಳಬೇಡಿ. ಕೆಲವು ಕೆಲಸ ಮಾಡುತ್ತವೆ, ಅದನ್ನೂ ನೀವು ಹೇಳುವುದಿಲ್ಲ ಅನ್ನುವುದು ನನ್ನ ದೂರಿನ ಇನ್ನೊಂದು ಭಾಗ. ಶುಂಠಿ ಕ್ಯಾಪ್ಸೂಲಿನ ಬಗ್ಗೆ 576 ರೋಗಿಗಳ ಫಲಿತಾಂಶ 2012ರಲ್ಲಿ ಬಂತು. ವಾಂತಿ ತಡೆಯುವ ಮಾಮೂಲಿ ಔಷಧದ ಜೊತೆಗೆ ದಿನಕ್ಕೆ ಅರ್ಧದಿಂದ ಒಂದು ಗ್ರಾಂ ತೆಗೆದುಕೊಂಡಾಗ ಕೀಮೋದ ಮೊದಲ ದಿನದ ವಾಕರಿಕೆ ಕಡಿಮೆಯಾಯಿತು. ಅಮೆರಿಕನ್ ಜಿನ್ಸೆಂಗ್ ಎಂಟು ವಾರ ಕೊಟ್ಟಾಗ ಸುಸ್ತು ಕಡಿಮೆಯಾಗಿದ್ದು 364 ಜನರ ಪ್ರಯೋಗದಲ್ಲಿ ಕಂಡಿತು, 2013ರಲ್ಲಿ. ಮೂಳೆಗೆ ಡೆನೊಸುಮ್ಯಾಬ್ ಅನ್ನುವ ಇಂಜೆಕ್ಷನ್ ಕೊಡುವಾಗ ಕ್ಯಾಲ್ಸಿಯಂ, ವಿಟಮಿನ್ ಡಿ ಕೊಡದಿದ್ದರೆ ರಕ್ತದ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಕುಸಿಯಬಹುದು. ತೂಕ ಇಳಿಯುತ್ತಿರುವವರಿಗೆ ಪ್ರೊಟೀನ್ ಪೂರಕ ಬೇಕಾಗುತ್ತದೆ. ಇವನ್ನು ನೀವೇ ಮುಂದಾಗಿ ಹೇಳಿದರೆ, ಬೇಡದವನ್ನು ಬೇಡ ಅಂದಾಗ ನಮಗೆ ನಂಬಿಕೆ ಬರುತ್ತದೆ.

ಡಬ್ಬಿಯ ಮೇಲೆ ಬರೆದಿರುವುದು ಒಳಗೆ ಇರುತ್ತದಾ ಅನ್ನುವುದು ಇನ್ನೊಂದು ತಲೆನೋವು. ಪಿಸಿ-ಸ್ಪೆಸ್ ಅನ್ನುವ ಉತ್ಪನ್ನ ನಿಮಗೆ ನೆನಪಿರಬಹುದು. ಪ್ರೊಸ್ಟೇಟ್ ಕ್ಯಾನ್ಸರಿಗೆ ಎಂಟು ಮೂಲಿಕೆಗಳ ಮಿಶ್ರಣ ಅಂತ ಮಾರಾಟವಾಗುತ್ತಿತ್ತು. ಪಿಎಸ್‌ಎ ಅನ್ನುವ, ಆ ಕ್ಯಾನ್ಸರಿನ ಜಾಡು ಹಿಡಿಯುವ ರಕ್ತದ ಅಂಶ ನಿಜವಾಗಿಯೂ ಇಳಿಯುತ್ತಿತ್ತು. ಸಂಶೋಧಕರೇ ಬೆರಗಾಗಿ ಅದನ್ನು ಪ್ರಯೋಗಕ್ಕೆ ತೆಗೆದುಕೊಂಡರು. ಕೊನೆಗೆ ನೋಡಿದರೆ ಅದರೊಳಗೆ ಡಿಇಎಸ್ ಅನ್ನುವ ಕೃತಕ ಈಸ್ಟ್ರೊಜನ್, ರಕ್ತ ತೆಳುಮಾಡುವ ವಾರ್ಫರಿನ್, ನೋವು ಇಳಿಸುವ ಇಂಡೊಮೆಥಾಸಿನ್ ಎಲ್ಲ ಇದ್ದವು. 2002ರಲ್ಲಿ ಅದನ್ನು ಮಾರುಕಟ್ಟೆಯಿಂದ ವಾಪಸು ಪಡೆದರು.

ನನ್ನಂತೆಯೇ ಇರುವ ಮಕ್ಕಳೂ ಇದನ್ನು ಓದುತ್ತಿರಬಹುದು. ಅವರಿಗೆ ಒಂದು ಮಾತು, ನಿಮಗೂ ಅದು ಬೇಕು. 2018ರಲ್ಲಿ ಅಮೆರಿಕದ ಕ್ಯಾನ್ಸರ್ ದಾಖಲೆಗಳಿಂದ ಒಂದು ಅಧ್ಯಯನ ಬಂತು. ಗುಣವಾಗಬಲ್ಲ ಹಂತದ ಕ್ಯಾನ್ಸರ್ ಇದ್ದು, ಆಸ್ಪತ್ರೆ ಚಿಕಿತ್ಸೆಯ ಜೊತೆ ಪೂರಕ ಪದ್ಧತಿಗಳನ್ನೂ ಹಿಡಿದಿದ್ದ 258 ಜನರನ್ನು ನೋಡಿದರು. ಅವರಲ್ಲಿ ಸಾವಿನ ಅಪಾಯ ಉಳಿದವರ ಎರಡರಷ್ಟು. ಕಾರಣ ಕುತೂಹಲದ್ದು. ಅವರಲ್ಲಿ ಶೇ. 34 ಜನ ಕೀಮೋ ಬೇಡ ಅಂದಿದ್ದರು, ಉಳಿದವರಲ್ಲಿ ಹಾಗೆ ಅಂದವರು ಶೇ. 3. ರೇಡಿಯೇಷನ್ ಬೇಡ ಅಂದವರು ಶೇ. 53, ಆ ಕಡೆ ಶೇ. 2. ಈ ನಿರಾಕರಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಎರಡು ಗುಂಪಿಗೂ ಖಚಿತವಾಗಿ ಹೇಳಬಹುದಾದ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಅಲ್ಲಿ ಪ್ರಾಣ ತೆಗೆದಿದ್ದು ಬಹುಮಟ್ಟಿಗೆ ಬಿಟ್ಟ ಚಿಕಿತ್ಸೆ. ಮಕ್ಕಳೇ, ಜೊತೆಗೆ ಏನನ್ನು ಕೊಟ್ಟರೂ ಮುಖ್ಯ ಚಿಕಿತ್ಸೆಯನ್ನು ಒಂದು ದಿನವೂ ತಪ್ಪಿಸಬೇಡಿ. ಡಾಕ್ಟ್ರೇ, ನೀವು ಗದರಿಸಿ ಕಳಿಸಿದವರು ಆ ಶೇ. 34ರ ಕಡೆಗೆ ಹೋಗುವ ಸಾಧ್ಯತೆ ಇದೆ.

ಇನ್ನೊಂದು ವಿಷಯ, ಯಾರೂ ಮಾತಾಡದ್ದು. ಈ ಮಾತ್ರೆಗಳನ್ನು ನುಂಗುವವರು ಹೆತ್ತವರು, ಕೊಳ್ಳುವವರು ಮಕ್ಕಳು. ಬಾಯಿ ತುಂಬ ಹುಣ್ಣು, ನೀರು ಕುಡಿದರೂ ಉರಿ. ಅಂಥವರ ಮುಂದೆ ನಾವು ದೊಡ್ಡ ದೊಡ್ಡ ಕ್ಯಾಪ್ಸೂಲು ಹಿಡಿದು ನಿಲ್ಲುತ್ತೇವೆ. ಅವರು ನುಂಗುತ್ತಾರೆ. ಅದರಿಂದ ಗುಣವಾಗುತ್ತೆ ಅಂತಲ್ಲ, ನಮಗೆ ಬೇಜಾರಾಗದಿರಲಿ ಅಂತ. ನನ್ನ ತಾಯಿಯೇ ಒಂದು ದಿನ ಆ ಫಾರ್ಮಸಿಸ್ಟ್ ಹತ್ತಿರ, "ಇದನ್ನೂ ನಿಲ್ಲಿಸಬಹುದಾ, ಇವಳಿಗೆ ನೀವೇ ಹೇಳಿ" ಅಂದಿದ್ದರು. ಮಗಳಿಗೆ ಬೇಡ ಅನ್ನಲಾಗದ ತಾಯಿಗೆ "ಡಾಕ್ಟ್ರು ಬೇಡ ಅಂದ್ರು" ಅನ್ನುವ ನೆಪ ಬೇಕಾಗಿರುತ್ತದೆ. ನೀವು ಕೇಳಿದರೆ ಮಾತ್ರ ಆ ನೆಪ ಅವರಿಗೆ ಸಿಗುತ್ತದೆ. ಸಾಧ್ಯವಾದರೆ ಒಂದೆರಡು ನಿಮಿಷ ನಮ್ಮನ್ನು ಹೊರಗೆ ಕಳಿಸಿ ಅವರೊಬ್ಬರನ್ನೇ ಕೇಳಿ.

ಕಾಯಿಲೆ ಗುಣವಾಗದ ಹಂತಕ್ಕೆ ಬಂದವರ ಲೆಕ್ಕ ಬೇರೆ, ಅದನ್ನೂ ಒಪ್ಪುತ್ತೇನೆ. ಅಲ್ಲಿ ಔಷಧಕ್ಕೆ ಅಡ್ಡ ಬರದ ಒಂದು ಮಾತ್ರೆ ಅವರಿಗೆ ಇಷ್ಟವಿದ್ದರೆ ಇರಲಿ. ಇಷ್ಟವಿಲ್ಲದಿದ್ದರೆ ಯಾರಿಗೋಸ್ಕರ?

ಈಗ ಕೋರಿಕೆ. ಪ್ರತಿ ಕೀಮೋ ಸೈಕಲ್‌ಗೆ ಮೊದಲು ಕೇಳಿ, ಒಂದು ಸಲ ಕೇಳಿ ಬಿಡಬೇಡಿ. ಪಟ್ಟಿ ಪ್ರತಿ ತಿಂಗಳೂ ಬದಲಾಗುತ್ತದೆ. "ಏನೇನು ತಗೊಳ್ತಿದ್ದೀರಿ, ಡಬ್ಬಿ ಸಮೇತ ತನ್ನಿ, ಬೈಯಲ್ಲ" ಅಂತ ಕೇಳಿ. ನಿಮಗೆ ಸಮಯ ಇಲ್ಲ ಅಂತ ನಮಗೆ ಗೊತ್ತು, ಹೊರಗಿನ ಸಾಲು ನಾವೂ ನೋಡುತ್ತೇವೆ. ಫಾರ್ಮಸಿಸ್ಟ್‌ಗೆ ಈ ಕೆಲಸ ವಹಿಸಿ. ನನಗೆ ಸಿಕ್ಕ ಒಳ್ಳೆಯ ಉತ್ತರ ಬಂದಿದ್ದೇ ಅಲ್ಲಿಂದ. ನ್ಯೂಯಾರ್ಕಿನ ಮೆಮೊರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯವರು ಮೂಲಿಕೆ ಮತ್ತು ಸಪ್ಲಿಮೆಂಟ್‌ಗಳ ಮಾಹಿತಿ ಭಂಡಾರವನ್ನು ಎಲ್ಲರಿಗೂ ಉಚಿತವಾಗಿ ಇಟ್ಟಿದ್ದಾರೆ. ವೈದ್ಯರಿಗೆ ಒಂದು ರೂಪದಲ್ಲಿ, ರೋಗಿಗಳಿಗೆ ಇನ್ನೊಂದು ರೂಪದಲ್ಲಿ. ಒಂದು ಹೆಸರು ಹುಡುಕಲು ಅರ್ಧ ನಿಮಿಷ ಸಾಕು. ಹುಡುಕಿದ್ದನ್ನು ಚೀಟಿಯಲ್ಲಿ ಬರೆದುಕೊಡಿ: ಇದು ಬೇಡ, ಇದು ಕೀಮೋ ಮುಗಿದ ಮೇಲೆ, ಇದು ಪರವಾಗಿಲ್ಲ. ಬೇಡ ಅಂದಿದ್ದಕ್ಕೆ ಒಂದು ಸಾಲು ಕಾರಣ. ಆ ಚೀಟಿ ಇದ್ದರೆ ಸಂಬಂಧಿಕರ ಬಾಯಿ ಮುಚ್ಚಿಸುವುದನ್ನು ನಾವು ನೋಡಿಕೊಳ್ಳುತ್ತೇವೆ.

ಆಪರೇಷನ್‌ಗೆ ಮೊದಲು ಕೊಡುವ ಸೂಚನೆ ಹಾಳೆಯಲ್ಲೂ ಒಂದು ಬದಲಾವಣೆ ಬೇಕು. ಎಷ್ಟು ಗಂಟೆಯ ನಂತರ ತಿನ್ನಬಾರದು, ಯಾವ ಬಿಪಿ ಮಾತ್ರೆ ನುಂಗಬೇಕು, ಒಡವೆ ತೆಗೆಯಬೇಕು, ಎಲ್ಲ ಇದೆ. ಗಿಂಕೊ, ಬೆಳ್ಳುಳ್ಳಿ ಸಾರ, ಜಿನ್ಸೆಂಗ್ ಥರದವು ರಕ್ತ ಹೆಪ್ಪುಗಟ್ಟುವುದಕ್ಕೆ ಅಡ್ಡಿಯಾಗಬಹುದು, ಎರಡು ವಾರ ಮೊದಲೇ ನಿಲ್ಲಿಸಿ ಅನ್ನುವುದು ಇಲ್ಲ. ಆ ಹಾಳೆಯ ಕೆಳಗೆ ಇನ್ನೊಂದು ಸಾಲಿಗೆ ಜಾಗ ಇದೆ, ನಾನು ನೋಡಿದ್ದೇನೆ.

ಇಂತಿ,
ಚಿಕಿತ್ಸೆಯಲ್ಲಿರುವ ತಾಯಿಯೊಬ್ಬರ ಮಗಳು